ನಮ್ಮ ಬಣ್ಣದ ಮದುಮಗಳು

ಮೇಕಪ್ಪಿನವರು ಬಂದರು ಎಂದು ಅಂಗಳದಲ್ಲಿ ಯಾರೋ ಕೂಗುತ್ತಾರೆ. ಮದುಮಗಳ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಾಳೆ, ನನ್ನನ್ನು ನೋಡುತ್ತಾಳೆ, ಆಮೇಲೆ ನನ್ನ ಬೆನ್ನ ಹಿಂದೆ ನೋಡುತ್ತಾಳೆ. ಹಿಂದೆ ಯಾರೂ ಇರುವುದಿಲ್ಲ. ನನ್ನನ್ನು ಇಳಿಸಿದ ಆಟೋ ತಿರುಗಿಸಿಕೊಳ್ಳುತ್ತಿರುತ್ತದೆ, ಅಷ್ಟೇ.

"ಮೇಕಪ್ ಮಾಡೋರು ಎಲ್ಲೆ ಅದಾರವಾ?"

"ನಾನ ರೀ."

"ನೀನ?"

ಈ 'ನೀನ?' ಎಷ್ಟು ಸಲ ಕೇಳಿದ್ದೇನೋ ಶಿವನೇ ಬಲ್ಲ. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗು ಬರುವುದು ನಿಂತಿತು, ಹಲ್ಲು ತೋರಿಸುವ ಅಭ್ಯಾಸ ಮಾತ್ರ ಹೋಗಲಿಲ್ಲ.

ನಾನು ಸಿದ್ದಿ. ಊರು ಹಳಿಯಾಳ ತಾಲೂಕಿನ ಕಾಡಂಚಿನಲ್ಲಿದೆ. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದರಂತೆ. ಅವರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರಂತೆ. ನನಗೆ ಗೊತ್ತಿರುವುದೂ ಇಷ್ಟೇ. ಆದರೂ ಕಂಡವರೆಲ್ಲ ನಾನು ಮೊನ್ನೆ ವಿಮಾನ ಇಳಿದವಳ ಹಾಗೆ "ಕನ್ನಡ ಎಲ್ಲೆ ಕಲ್ತಿರಿ?" ಎಂದು ಕೇಳುತ್ತಾರೆ. ನೀವು ಕಲಿತಲ್ಲೇ ಕಲಿತೆ ಮಾರಾಯರೆ, ಸರ್ಕಾರಿ ಸಾಲೆಯಲ್ಲಿ, ಅದೇ ಒಡಕು ಪಾಟಿಯ ಮೇಲೆ! ಮನೆಯೊಳಗೆ ನಮ್ಮದು ಕೊಂಕಣಿ ಮರಾಠಿ ಬೆರೆತ ಮಾತು. ಇಲ್ಲಿ ಅದನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೆಲಸ ಕಲಿತದ್ದು ಹಳಿಯಾಳದ ಒಂದು ಪಾರ್ಲರಿನಲ್ಲಿ. ಹತ್ತನೆಯ ಇಯತ್ತೆ ಮುಗಿಸಿ ಕಸ ಗುಡಿಸಲು, ಟವೆಲ್ ಒಗೆಯಲು ಸೇರಿದ್ದೆ. ಪಾರ್ಲರಿನ ಒಡತಿಯನ್ನು ಎಲ್ಲರ ಹಾಗೆ ನಾನೂ ಅಕ್ಕಾರ ಎಂದೇ ಕರೆಯುತ್ತಿದ್ದೆ. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಬ್ಯಾಡಗಿ ಮೆಣಸಿನಕಾಯಿ. ಒಂದು ಮದುವೆ ಸೀಸನ್ನಿನಲ್ಲಿ ಕೈ ಸಾಲದೆ, ಬೇರೆ ದಾರಿಯಿಲ್ಲದೆ, ಒಬ್ಬಳ ಜಡೆ ಹೆಣೆಯಲು ನನಗೆ ಹೇಳಿದರು. ಹೆಣೆದು ಮುಗಿಸಿ ಮಲ್ಲಿಗೆ ಸುತ್ತಿದೆ. ಅಕ್ಕಾರ ಸುತ್ತಲೂ ತಿರುಗಿ ನೋಡಿದರು.

"ಎಲ್ಲೆ ಕಲ್ತಿ?"

"ಮನ್ಯಾಗ ರೀ."

ಸುಳ್ಳಲ್ಲ. ನಮ್ಮ ಕೂದಲನ್ನು ಎಣ್ಣೆ ಹಚ್ಚಿ, ಬಿಡಿಸಿ, ಬಾಚಿ, ಹಿಡಿತಕ್ಕೆ ತಂದವಳಿಗೆ ಲೋಕದ ಯಾವ ಕೂದಲೂ ಕಷ್ಟವಲ್ಲ. ಅವತ್ತಿನಿಂದ ಕಸಬರಿಗೆ ಬಿಟ್ಟು ಬಾಚಣಿಗೆ ಹಿಡಿದೆ. ಆಮೇಲೆ ಹುಬ್ಬು, ಆಮೇಲೆ ಸೀರೆಯ ನೆರಿಗೆ, ಎಲ್ಲಕ್ಕಿಂತ ಕೊನೆಗೆ ಮುಖ. ಮುಖ ಕಲಿಸುವಾಗ ಅಕ್ಕಾರ ಪರಿಚಯದ ಹುಡುಗಿಯರನ್ನು ಕರೆದು ಕೂರಿಸುತ್ತಿದ್ದರು. ಅವರಲ್ಲಿ ನನ್ನ ಬಣ್ಣದವಳು ಒಬ್ಬಳೂ ಇರಲಿಲ್ಲ. ಒಂದು ಸಲ ಧೈರ್ಯ ಮಾಡಿ, ನನಗೆ ಯಾವ ಶೇಡಿನ ಫೌಂಡೇಶನ್ ಹೊಂದುತ್ತದೆ ಎಂದು ಕೇಳಿದೆ.

"ನಿಂಗ್ಯಾಕವಾ ಫೌಂಡೇಶನ್ನು? ದೇವರು ಒಂದ ಸಲ ಹಚ್ಚಿ ಕಳಿಸ್ಯಾನ, ಏನ್ ಮಾಡಿದ್ರೂ ಹೋಗೂದುಲ್ಲ" ಎಂದರು. ಪಾರ್ಲರಿನಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ಬೇಕೆಂದು ನೋಯಿಸುವವರಲ್ಲ ಎಂದು ಗೊತ್ತಿತ್ತು, ಆದರೂ ಅವತ್ತು ಊಟ ಸೇರಲಿಲ್ಲ.

ಕೆಲವು ವರ್ಷಕ್ಕೆ ಅಕ್ಕಾರ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿ ಪಾರ್ಲರು ಮುಚ್ಚಿತು. ನಾನು ಸ್ವಂತ ಶುರು ಮಾಡಿದೆ. ಫ್ರೀಲಾನ್ಸ್ ಎಂದರೆ ಕೇಳಲು ಚೆಂದ. ಅಂಗಡಿ ಇಲ್ಲ, ಪಗಾರ ಇಲ್ಲ, ಒಂದು ಚೀಲ ಮತ್ತು ಒಂದು ಫೋನು. ಯಾರಾದರೂ ಕರೆದರೆ ಹೋಗುವುದು, ಕರೆಯದಿದ್ದರೆ ಬ್ರಶ್ಶುಗಳನ್ನು ಸೀಗೆಪುಡಿಯಲ್ಲಿ ತೊಳೆದು ಬಿಸಿಲಿಗಿಟ್ಟು ಕೂರುವುದು. ಹುಬ್ಬಳ್ಳಿಗೆ ಹೋಗುವಾಗ ಅಕ್ಕಾರ ಒಂದು ಬುದ್ಧಿ ಹೇಳಿದ್ದರು.

"ಫೋನಿನ್ಯಾಗ ನಿನ್ನ ಫೋಟೋ ಇಡಬ್ಯಾಡ. ಹೂವಿಂದ ಇಡು, ದೇವರದ ಇಡು. ನಾ ಕೆಟ್ಟ ಮನಸಿನಿಂದ ಹೇಳಾಕತ್ತಿಲ್ಲ, ತಂಗಿ. ಇದು ವ್ಯಾಪಾರ ಐತಿ."

ಗುಲಾಬಿ ಹೂವಿನದು ಇಟ್ಟೆ.

ಮೊದಲ ಆರ್ಡರು ಜೊಯಿಡಾ ಕಡೆಯಿಂದ ಬಂತು. ಫೋನಿನಲ್ಲಿ ಕೊಂಕಣಿಯಲ್ಲೇ ಮಾತಾಡಿದೆ. ಹುಡುಗಿಯ ಅತ್ತೆಗೆ, ಅಂದರೆ ತಂದೆಯ ತಂಗಿಗೆ, ನನ್ನ ಮಾತು ಭಾಳ ಸೇರಿತು. ಊಟಕ್ಕೇ ಬಾ, ನಮ್ಮನೆಯಲ್ಲೇ ಇರು ಎಂದೆಲ್ಲ ಹೇಳಿದಳು. ಹೋದಾಗ ಬಾಗಿಲಿನ 'ನೀನ?' ಮುಗಿಯಿತು. ಸರಿ, ಕುಳಿತೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ: ಫೌಂಡೇಶನ್ನನ್ನು ಬಾಟಲಿಯಿಂದ ನೇರ ಮುಖಕ್ಕೆ ಹಚ್ಚುವುದಿಲ್ಲ, ಮೊದಲು ನಮ್ಮ ಎಡಗೈಯ ಹಿಂಬದಿಗೆ ಹಾಕಿಕೊಂಡು, ಕಲಸಿ, ಮೈಬಿಸಿ ತಾಗಿ ಅದು ಮೆತ್ತಗಾದ ಮೇಲೆ ಬ್ರಶ್ಶಿನಿಂದ ಎತ್ತಿಕೊಳ್ಳುತ್ತೇವೆ. ಅಕ್ಕಾರ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ನನ್ನ ಕೈಯ ಮೇಲೆ ಆ ಬಿಳಿ ಬಣ್ಣ ಸುಣ್ಣದ ಹಾಗೆ ಎದ್ದು ಕಂಡಿತು. ಅತ್ತೆ ಅದನ್ನೇ ನೋಡುತ್ತ ನಿಂತಳು.

"ಅದಕ್ಕೆ ನಿನ್ನ ಕೈ ಬಣ್ಣ ಹತ್ತುವುದಿಲ್ಲವಾ?" ಎಂದು ಕೇಳಿದಳು.

ಬೈಗುಳದಂತೆ ಕೇಳಲಿಲ್ಲ, ನಿಜವಾಗಿ ಗಾಬರಿಯಾಗಿ ಕೇಳಿದಳು. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ, ನನಗೇನು ಬಾಯಿ ಇಲ್ಲವೇ? ಕೊನೆಗೆ ಹುಡುಗಿಯ ಚಿಕ್ಕಪ್ಪನ ಮಗಳೊಬ್ಬಳು ಮುಖಕ್ಕೆ ಏನೋ ಬಳಿದಳು. ನಾನು ಜಡೆ ಹೆಣೆದು ಸೀರೆ ಉಡಿಸಿ ಬಂದೆ.

ಅಲ್ಲಿಂದ ಅದೇ ನನ್ನ ಗತಿಯಾಯಿತು. ದಾಂಡೇಲಿಯ, ಹುಬ್ಬಳ್ಳಿಯ ದೊಡ್ಡ ಮೇಕಪ್ ಆರ್ಟಿಸ್ಟುಗಳು ಜಡೆಗೆ, ಸೀರೆಗೆ ನನ್ನನ್ನು ಕರೆಯುತ್ತಿದ್ದರು. ಮದುಮಗಳ ಮುಖ ಅವರದು. ಅವಸರದಲ್ಲಿ ಅವಳ ಅತ್ತಿಗೆಯದೋ ಚಿಕ್ಕಮ್ಮನದೋ ಮುಖ ನನಗೆ ಸಿಗುತ್ತಿತ್ತು, ಅಷ್ಟೇ. ಎಲ್ಲರಿಗೂ ಬೇಕಾದದ್ದು ಒಂದೇ: ಇರುವುದಕ್ಕಿಂತ ಬೆಳ್ಳಗೆ. ಮಾಡಿ ಬಿಡುತ್ತಿದ್ದೆ. ದಾಂಡೇಲಿಯ ಒಂದು ರೆಸಾರ್ಟಿನಲ್ಲಿ ಕಾಳಿ ನದಿಯ ದಂಡೆಗೆ ಮಂಟಪ ಹಾಕಿ ಬೆಂಗಳೂರಿನವರ ಮದುವೆ ನಡೆಯುತ್ತಿತ್ತು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮದುಮಗಳ ನೆರಿಗೆ ಹಿಡಿದು ಕೂತಿದ್ದೆ. ಬೀಗರ ಪೈಕಿ ಒಬ್ಬ ಬಾಗಿಲಲ್ಲಿ ಇಣುಕಿ, "ನಿಮ್ಮ ಡ್ಯಾನ್ಸ್ ಎಷ್ಟು ಗಂಟೆಗೆ?" ಎಂದು ಕೇಳಿದ. ರೆಸಾರ್ಟುಗಳಲ್ಲಿ ನಮ್ಮವರು ಡಮಾಮಿ ಬಾರಿಸಿ ಕುಣಿಯುತ್ತಾರೆ, ನಾನು ಆ ಮೇಳದವಳು ಎಂದುಕೊಂಡಿದ್ದಾನೆ. ಪಿನ್ನು ಬಾಯಿಂದ ತೆಗೆದು, "ನಿಮ್ಮ ಊಟ ಆದ ಮ್ಯಾಲೆ ರೀ" ಎಂದೆ. ಪಾಪ, ಊಟ ಮುಗಿಸಿ ಕಾದಿರಬೇಕು!

ಇಂಥ ಕಡೆಗಳಿಂದ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದು ಯೋಚನೆ ಬೆಳೆಯತೊಡಗಿತು. ನಮ್ಮವರ ಕೇರಿಗಳು ಹಳಿಯಾಳದಲ್ಲಿವೆ, ಮುಂಡಗೋಡದಲ್ಲಿವೆ, ಜೊಯಿಡಾದಲ್ಲಿವೆ. ನಮ್ಮಲ್ಲೂ ಹುಡುಗಿಯರು ಮದುವೆಯಾಗುತ್ತಾರೆ, ಈಗೀಗ ಪಾರ್ಲರಿಗೂ ಹೋಗುತ್ತಾರೆ. ಹೋದವರು ಬೂದಿ ಮೆತ್ತಿದ ಹಾಗಾಗಿ ಬರುತ್ತಾರೆ, ಏಕೆಂದರೆ ನಮ್ಮ ಚರ್ಮದ ಮೇಲೆ ಕೈ ಪಳಗಿದವರು ಯಾರೂ ಇಲ್ಲ. ನಾನಿದ್ದೇನಲ್ಲ? ಒಬ್ಬಳೇ ಒಬ್ಬಳು ನಮ್ಮ ಮದುಮಗಳು ಸಿಗಲಿ. ಅವಳ ಬಣ್ಣ ಮುಚ್ಚದೆ, ಅದನ್ನೇ ಹೊಳೆಯುವಂತೆ ಮಾಡಿ ತೋರಿಸುತ್ತೇನೆ. ಆ ಫೋಟೋ ಹಾಕಿ, ಪಕ್ಕದಲ್ಲಿ ನನ್ನ ಮುಖವನ್ನೂ ಹಾಕುತ್ತೇನೆ. ಗುಲಾಬಿ ಹೂವು ಹಾಳಾಗಿ ಹೋಗಲಿ. ಆಮೇಲೆ ನಮ್ಮ ಕೇರಿಗಳ ಮದುವೆಯೆಲ್ಲ ನನ್ನದೇ. ಯಾರೂ ನನ್ನ ಬೆನ್ನ ಹಿಂದೆ ನೋಡಬೇಕಾಗಿಲ್ಲ. ನನ್ನ ಜೀವನದಲ್ಲಿ ಆಸೆ ಅಂತ ಇಟ್ಟುಕೊಂಡದ್ದು ಅದೊಂದೇ.

ಅದಕ್ಕೆ ಬೇಕಾದ ಬಣ್ಣ ಎಲ್ಲೂ ಸಿಗಲಿಲ್ಲ. ಹಳಿಯಾಳದ ಅಂಗಡಿಯವನು ತೋರಿಸಿದ ಅತಿ ಕಪ್ಪು ಶೇಡು ನನ್ನ ಅಂಗೈಗಿಂತ ಬೆಳ್ಳಗಿತ್ತು. ಜೊಯಿಡಾ ಕಡೆಯ ರಾಮನಗರಕ್ಕೆ ಗೋವೆಯ ಮಾಲು ಬರುತ್ತದೆ ಎಂದು ಅಲ್ಲಿಗೂ ಹೋದೆ. ಹುಬ್ಬಳ್ಳಿಯ ದೊಡ್ಡ ಅಂಗಡಿಯ ಹುಡುಗಿ, "ಇದಕ್ಕಿಂತ ಡಾರ್ಕ್ ಯಾರೂ ಕೇಳೂದುಲ್ರಿ" ಎಂದಳು. ನಾನು ಕೇಳುತ್ತಿದ್ದೇನಲ್ಲ ಎಂದರೆ, ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ಕೆನ್ನೆಯ ಅಂಚು ತೀಡಲು ಬಳಸುವ ಕಂದು ಕಡ್ಡಿಗಳನ್ನು ಕರಗಿಸಿ, ಫೌಂಡೇಶನ್ನಿಗೆ ಬೆರೆಸಿ, ಒಂದಿಷ್ಟು ಕೆಂಪು ಲಿಪ್‌ಸ್ಟಿಕ್ ಸೇರಿಸಿ, ಹಾಳು ಮಾಡಿ, ಮತ್ತೆ ಬೆರೆಸಿ, ಮತ್ತೆ ಹಾಳು ಮಾಡಿ, ಅಂತೂ ಒಂದು ಬಣ್ಣ ಕೂಡಿಬಂತು. ನನ್ನ ಮುಖಕ್ಕೇ ಹಚ್ಚಿ ಬಾಗಿಲ ಬೆಳಕಿಗೆ ಕನ್ನಡಿ ಹಿಡಿದೆ. ಎಲಾ ಇವಳ! ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು, ಕಣ್ಣು ಆಳವಾಗಿದ್ದವು, ಬಣ್ಣ ನನ್ನದೇ ಇತ್ತು. ನಾನು ಚೆಂದ ಇದ್ದೇನೆ ಎಂದು ನನಗೆ ಅನ್ನಿಸಿದ್ದು ಆ ದಿನ ಮಾತ್ರ. ಅವ್ವ ಒಳಗಿನಿಂದ ಬಂದು, "ಎಲ್ಲಿಗೆ ಹೊಂಟೀ?" ಎಂದಳು. ಎಲ್ಲಿಗೂ ಇಲ್ಲ ಎಂದೆ.

ಅದೇ ವರ್ಷ ತಂಗಿಯ ಮದುವೆ ಕೂಡಿತು.

ನನಗಿಂತ ಚಿಕ್ಕವಳು, ಒಬ್ಬಳೇ ತಂಗಿ, ಹಳಿಯಾಳದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದಳು. ಹುಡುಗ ಮುಂಡಗೋಡ ಕಡೆಯವನು, ನಮ್ಮವನೇ, ಗೂಡ್ಸ್ ಗಾಡಿ ಓಡಿಸುತ್ತಾನೆ. ನಾನು ಮದುವೆ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದರಿಂದ ಅವಳದೇ ಮೊದಲು. ನಿಶ್ಚಯವಾದ ದಿನವೇ ನನ್ನ ಕೊರಳಿಗೆ ಬಿದ್ದು, "ಅಕ್ಕಾ, ನನ್ನ ಮೇಕಪ್ ನೀನ ಮಾಡಬೇಕ ನೋಡು, ಬ್ಯಾರೆ ಯಾರ ಕೈಗೂ ಕೊಡಬ್ಯಾಡ" ಎಂದಳು. ನನ್ನ ಕಣ್ಣು ತುಂಬಿ ಬಂತು. ಅವಳಿಗೆ ಅದು ಅಕ್ಕರೆ ಎನ್ನಿಸಿರಬೇಕು. ಅಕ್ಕರೆ ಹೌದು, ಆದರೆ ಬರೀ ಅಕ್ಕರೆಯಲ್ಲ.

ಯಾವ ಆರ್ಡರ್ ಇದ್ದರೂ ಮದುವೆಗೆ ಮುಂಚೆ ಒಂದು ಸಲ ಟ್ರಯಲ್ ಮಾಡುತ್ತೇವೆ. ಮದುಮಗಳನ್ನು ಕೂರಿಸಿ, ಪೂರ್ತಿ ಮೇಕಪ್ ಮಾಡಿ ತೋರಿಸಿ, ಹೌದೆನಿಸಿಕೊಂಡೇ ಮುಂದಿನ ಮಾತು. ತಂಗಿಗೆ ಹೇಳಿದರೆ, "ಅಯ್ಯ, ನನಗ್ಯಾಕ ಟ್ರಯಲ್ಲು, ಮನ್ಯಾಗ ಮೇಕಪ್ ಮಾಡಾಕಿ ಇದ್ದೂ!" ಎಂದು ನಕ್ಕಳು. ನಾನೂ ನಕ್ಕು ಬಿಟ್ಟೆ. ಒಡಹುಟ್ಟಿದವಳಿಗೆ ಎಂಥ ಟ್ರಯಲ್? ಅವಳ ಮುಖ ನನಗೆ ಗೊತ್ತಿಲ್ಲವೇ? ಪರರ ಮನೆಯ ಹುಡುಗಿಯರಿಗೆ, ನಿಮಗೆ ಹೇಗೆ ಬೇಕು ಎಂದು ಹತ್ತು ಸಲ ಕೇಳುವವಳು ತಂಗಿಗೆ ಒಂದು ಸಲವೂ ಕೇಳಲಿಲ್ಲ. ಅವಳಿಗೂ ಹೇಳಬೇಕು ಎನ್ನಿಸಲಿಲ್ಲ. ನನ್ನ ಅಕ್ಕ ಎಲ್ಲರನ್ನೂ ಬೆಳ್ಳಗೆ ಮಾಡುವವಳು, ನನ್ನನ್ನು ಇನ್ನೂ ಬೆಳ್ಳಗೆ ಮಾಡುತ್ತಾಳೆ ಎಂದುಕೊಂಡು ಅವಳಿದ್ದಳು. ನನ್ನ ತಂಗಿ, ನನ್ನ ಮನಸ್ಸಿನಲ್ಲಿರುವುದು ಅವಳಿಗೆ ಗೊತ್ತೇ ಇರುತ್ತದೆ ಎಂದುಕೊಂಡು ನಾನಿದ್ದೆ.

ಮದುವೆಯ ಬೆಳಿಗ್ಗೆ ಒಳಕೋಣೆಯ ಕದ ಹಾಕಿಕೊಂಡು ಅವಳನ್ನು ಕೂರಿಸಿದೆ. ನಿದ್ದೆಗೆಟ್ಟ ಕಣ್ಣು, ಕೈತುಂಬ ಮೆಹಂದಿ. ಅವಸರ ಮಾಡಲಿಲ್ಲ. ನಾನು ಬೆರೆಸಿದ ಬಣ್ಣ ಅವಳಿಗೆ ನನಗಿಂತ ಚೆನ್ನಾಗಿ ಒಪ್ಪಿತು. ಕೈಯ ಹಿಂಬದಿಯಲ್ಲಿ ಕಲಸಿಕೊಂಡರೆ ಕಾಣುವುದೇ ಇಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಬಣ್ಣ ನನ್ನ ಕೈಮೇಲೆ ಕಾಣದೆ ಹೋಯಿತು. ರೆಪ್ಪೆಗೆ ತಾಮ್ರದ ಹೊಳಪು, ತುಟಿಗೆ ಕಡು ಕೆಂಪು, ಕೆನ್ನೆಯ ಮೇಲೆ ಬೆಳಕು ಬಿದ್ದಲ್ಲಿ ಒಂದಿಷ್ಟು ಬಂಗಾರದ ಪುಡಿ. ಕೂದಲನ್ನು ಎಳೆದು ನೇರ ಮಾಡದೆ ಸುರುಳಿ ಸುರುಳಿಯಾಗಿಯೇ ಎತ್ತಿ ಕಟ್ಟಿ ಅಬ್ಬಲಿಗೆ ಮುಡಿಸಿದೆ. ಮುಗಿಸಿ ಹಿಂದೆ ಸರಿದು ನೋಡಿದೆ. ನಾನು ಮಾಡಿದ್ದು ಎಂದು ಹೇಳುತ್ತಿಲ್ಲ. ಅಂಥ ಮದುಮಗಳನ್ನು ನಾನು ಯಾವ ರೆಸಾರ್ಟಿನಲ್ಲೂ ನೋಡಿರಲಿಲ್ಲ. ಕನ್ನಡಿ ಕೊಟ್ಟೆ.

ಅವಳು ನೋಡಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು.

"ಛಂದ ಐತಿ. ಇನ್ನ ಶುರು ಮಾಡು" ಎಂದಳು.

"ಏನು ಶುರು ಮಾಡ್ಲಿ?"

"ಮೇಕಪ್ ಅಕ್ಕಾ. ಹೊತ್ತಾಗೈತಿ."

"ಮುಗೀತಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ ಎಂದು ನೋಡಿ ಅವಳ ನಗು ನಿಂತಿತು. ಮತ್ತೆ ಕನ್ನಡಿ ನೋಡಿದಳು.

"ಇದು ನಾನ ಅದೀನಿ. ದಿನಾ ಹಿಂಗ ಇರ್ತೇನಲ್ಲ. ಇದಕ್ಕ ಮೇಕಪ್ ಯಾಕ ಬೇಕಿತ್ತು?"

ವಿವರಿಸಲು ಹೋದೆ. ಈಗ ಹೀಗೆಯೇ ಮಾಡುತ್ತಾರೆ, ದೊಡ್ಡ ಊರುಗಳಲ್ಲಿ ಇದೇ ನಡೆಯುತ್ತದೆ, ಫೋಟೋದಲ್ಲಿ ನೋಡು ಎಷ್ಟು ಎದ್ದು ಕಾಣುತ್ತೀ ಎಂದೆಲ್ಲ ಬಡಬಡಿಸಿದೆ. ಅವಳು ಕನ್ನಡಿ ಮಗುಚಿಟ್ಟು ಅಳತೊಡಗಿದಳು.

"ಬ್ಯಾರೆಯವರ ಮನಿ ಹುಡುಗ್ಯಾರನ್ನೆಲ್ಲಾ ಬೆಳ್ಳಗ ಮಾಡಿ ಬರ್ತಿ. ನಿನ್ನ ಬೆನ್ನಿಗೆ ಬಿದ್ದಾಕಿಗೆ ಮಾತ್ರ ಕರೀ ಬಣ್ಣ ಕಲಸಿ ಇಟ್ಟೀಯೇನು?"

"ಬೆಳ್ಳಗ ಯಾಕ ಆಗಬೇಕ? ನೀ ಹಿಂಗ ಛಂದ ಅದಿ ಅಂತ ನನ್ನ ಕಣ್ಣಿಗೆ ಕಾಣತೈತಿ."

"ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಕಣ್ಣು ತಗೊಂಡು ನಾ ಏನ್ ಮಾಡ್ಲಿ?" ಎಂದಳು. ಆಮೇಲೆ ಧ್ವನಿ ಇಳಿಸಿ, "ಒಂದ ದಿನ ಅಕ್ಕಾ. ಅಂಗಡ್ಯಾಗ ಸೀರಿ ನನ್ನ ಮೈಮ್ಯಾಲೆ ಹಾಕ್ಕೊಂಡು ತೋರಿಸಿದ್ರ, ಬ್ಯಾರೆ ಹುಡುಗಿ ಮ್ಯಾಲೆ ಹಾಕಿ ತೋರಸ್ರಿ ಅಂತಾರ. ಒಂದ ದಿನ ನಾನೂ ಬೆಳ್ಳಗ ಇರತೇನಿ. ನಾಳೆ ತೊಳಕೊಂಡ ಮ್ಯಾಲೆ ಮತ್ತ ಇದ ಮಾರಿ ಐತಿ, ಎಲ್ಲಿಗೆ ಹೋಗತೈತಿ?" ಎಂದಳು.

ಅಂಗಡಿಯ ವಿಷಯ ಅವಳು ಅದಕ್ಕೂ ಮೊದಲು ನನಗೆ ಹೇಳಿರಲಿಲ್ಲ. ಆದರೂ ನಾನು ಹಟ ಬಿಡಲಿಲ್ಲ. ಈ ಒಂದು ಮುಖಕ್ಕಾಗಿ ಎಷ್ಟು ದಿನ ಕಾದಿದ್ದೇನೆ, ಈ ಫೋಟೋ ಹಾಕಿದರೆ ನನ್ನ ಕೆಲಸಕ್ಕೆ ಒಂದು ನೆಲೆ ಸಿಗುತ್ತದೆ ಎಂದು ಬಾಯಿ ಬಿಟ್ಟು ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ನಿನ್ನ ಫೋಟೋಕ್ಕ ನನ್ನ ಮದುವೀನ ಬೇಕಾಗಿತ್ತೇನು?"

ಅಷ್ಟರಲ್ಲಿ ಕದ ದೂಡಿಕೊಂಡು ಅವ್ವ ಬಂದಳು. ಅಳುತ್ತಿರುವ ಒಬ್ಬಳನ್ನು, ಬ್ರಶ್ಶು ಹಿಡಿದು ನಿಂತ ಇನ್ನೊಬ್ಬಳನ್ನು ನೋಡಿದಳು. ವಿಷಯ ಕೇಳಿ ತಿಳಿದುಕೊಂಡಳು. ಅವ್ವನಾದರೂ ನನ್ನ ಕಡೆ ಮಾತಾಡುತ್ತಾಳೆ ಎಂದುಕೊಂಡಿದ್ದೆ. "ಬೀಗರು ಬಂದು ಕುಂತಾರ. ಆಕಿ ಹೇಳಿದ್ಹಂಗ ಮಾಡು. ನಾವಂತೂ ಹಿಂಗ ಹುಟ್ಟಿ ಹಿಂಗ ಬಾಳೇವಿ, ಆಕಿನಾದರೂ ಒಂದ ದಿವಸ ನಗಲಿ" ಎಂದು ಹೇಳಿ ಹೋದಳು.

ಹತ್ತಿಗೆ ಎಣ್ಣೆ ಹಾಕಿ ಎಲ್ಲ ಒರೆಸಿದೆ. ತಾಮ್ರ, ಬಂಗಾರ, ನಾನು ಬೆರೆಸಿದ ಬಣ್ಣ, ಎಲ್ಲವೂ ಹತ್ತಿಗೆ ಬಂದವು. ಆಮೇಲೆ ಬಿಳಿ ಬಾಟಲಿ ತೆಗೆದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಕೈಗೆ ಸಿಟ್ಟು ಗೊತ್ತಿಲ್ಲ, ಅದು ಕಲಿತದ್ದನ್ನು ಮಾಡುತ್ತದೆ. ನೀಟಾಗಿ, ಬೂದಿಯಾಗದ ಹಾಗೆ, ಪದರ ಪದರವಾಗಿ ಹಚ್ಚಿದೆ. ಕೂದಲನ್ನೂ ಕಾಯಿಸಿ ನೇರ ಮಾಡಿಸಿಕೊಂಡಳು. ಕನ್ನಡಿ ನೋಡಿ ನನ್ನನ್ನು ತಬ್ಬಿ, "ಅಕ್ಕಾ, ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು" ಎಂದಳು. ನಿಜವಾಗಿ ಖುಷಿಯಾಗಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಎಂದೂ ನೋಡಿರಲಿಲ್ಲ, ಅದೇ ನನಗೆ ತಡೆಯದಾಯಿತು.

ಮಂಟಪಕ್ಕೆ ಹೋಗುವ ಮೊದಲು ಮದುಮಗಳನ್ನು ಹಿರಿಯರ ಮುಂದೆ ನಿಲ್ಲಿಸಬೇಕು. ನಮ್ಮ ಮನೆಗಳಲ್ಲಿ ಒಂದು ಮೂಲೆಯಲ್ಲಿ ತೆಂಗಿನಕಾಯಿ ಇಟ್ಟಿರುತ್ತೇವೆ. ತೀರಿಹೋದ ನಮ್ಮ ಹಿರಿಯರು ಎಂದು ಅವುಗಳನ್ನು ಪೂಜಿಸುತ್ತೇವೆ. ಮನೆಯಲ್ಲಿ ಏನೇ ನಡೆದರೂ ಮೊದಲು ಅವರಿಗೆ ತಿಳಿಸುವುದು ರೂಢಿ. ಮನೆಗೆ ಹಿರಿಯಳಾದ ಅಜ್ಜಿ, ಅಪ್ಪನ ತಾಯಿ, ದೀಪ ಹಚ್ಚಿ ಕೂತಿದ್ದಳು. ಮೊಮ್ಮಗಳು ಬಂದು ನಿಂತಾಗ ತಲೆ ಎತ್ತಿ ನೋಡಿ, "ಯವ್ವಾ, ಹಿಟ್ಟಿನ ಡಬ್ಬ್ಯಾಗ ಬಿದ್ದ ಇಲಿ ಹಂಗ ಕಾಣತೀಯಲ್ಲಾ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು, ತಂಗಿಯೂ ನಕ್ಕಳು.

ಆಮೇಲೆ ಅಜ್ಜಿ ಹಿರಿಯರ ಕಡೆ ತಿರುಗಿದಳು. ಸಾಮಾನ್ಯವಾಗಿ ಹೇಳುವುದು ಇಷ್ಟೇ: ನಿಮ್ಮ ಕೂಸು ಹೊರಟಿದೆ, ನೋಡಿಕೊಳ್ಳಿ. ಅವತ್ತು ಅಜ್ಜಿ ಹಾಗೆ ಹೇಳಿ ಸುಮ್ಮನಾಗಲಿಲ್ಲ. ಈಕೆ ಇಂಥವಳ ಮಗಳು, ನನ್ನ ಇಂಥ ಮಗನಿಗೆ ಹುಟ್ಟಿದವಳು, ಇಂಥವರ ಮರಿಮೊಮ್ಮಗಳು ಎಂದು ಒಬ್ಬೊಬ್ಬರ ಹೆಸರು ಹಿಡಿದು, ಗಟ್ಟಿಯಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಹೇಳಿದಳು. ಯಾಕೆ ಅಷ್ಟೆಲ್ಲ ಎಂದು ಅಪ್ಪ ಅವಸರಿಸಿದ. "ಅವರಿಗೆ ಗುರುತ ಸಿಗಬೇಕಲ್ಲೋ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನಾನು ಹೊರಗೆ ಹೋಗಿ ಹಿತ್ತಲಲ್ಲಿ ಬ್ರಶ್ಶು ತೊಳೆದೆ.

ಮದುವೆಯಲ್ಲಿ ಹೊಗಳಿಕೆಯೋ ಹೊಗಳಿಕೆ. "ಯಾರ ಮಾಡ್ಯಾರ ರೀ ಮೇಕಪ್? ನಮಗ ಗುರುತ ಸಿಗಲಿಲ್ಲ!" ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಗಂಡಿನ ಕಡೆಯ ಹೆಂಗಸರು ನನ್ನನ್ನು ಮೂಲೆಗೆ ಕರೆದು ನಂಬರು ಬರೆದುಕೊಂಡರು. ಮುಂಡಗೋಡದಿಂದ ಫೋನು ಬಂತು, ಜೊಯಿಡಾದಿಂದ ಬಂತು, ನಮ್ಮವರೇ ಕೇರಿ ಕೇರಿಯಿಂದ ಕರೆದರು. ನಾನು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ ಹಾಗೆಯೇ ಆಯಿತು ನೋಡಿ. ಮದುಮಗಳ ಮುಖ ಈಗ ನನ್ನದು. ಎಲ್ಲರೂ ಹೇಳುವುದು ಒಂದೇ ಮಾತು: "ನಿನ್ನ ತಂಗೀಗೆ ಮಾಡಿದ್ಹಂಗ ಮಾಡು."

ಒಬ್ಬಳಿಗೆ, ಮುಂಡಗೋಡದ ಕಡೆಯ ಹುಡುಗಿಗೆ, ಹೇಳಿ ನೋಡಿದೆ. ಟ್ರಯಲ್‌ನಲ್ಲಿ ಅರ್ಧ ಮುಖಕ್ಕೆ ಅವಳ ಬಣ್ಣ, ಅರ್ಧ ಮುಖಕ್ಕೆ ಬಿಳಿ ಹಚ್ಚಿ, ನೀನೇ ಆರಿಸು ಎಂದೆ. ಅವಳು ಬಿಳಿಯ ಕಡೆ ಬೆರಳು ತೋರಿಸಿ, "ಇದನ್ನ ಆ ಕಡಿಗೂ ಹಚ್ಚ್ರಿ" ಎಂದಳು. ನಾನು ಬೇಕೆಂದೇ ಕಪ್ಪಗೆ ಮಾಡುತ್ತೇನೆ ಎಂದು ಅವಳ ತಾಯಿಗೆ ಅನುಮಾನ ಬಂದು ಆರ್ಡರು ಹುಬ್ಬಳ್ಳಿಯವರಿಗೆ ಹೋಯಿತು. ಅಲ್ಲಿಂದ ನಾನು ಯಾರಿಗೂ ಹೇಳಲು ಹೋಗಿಲ್ಲ. ಬೆರೆಸಿಟ್ಟಿದ್ದ ಬಣ್ಣ ಡಬ್ಬಿಯಲ್ಲೇ ಒಣಗಿತು. ತೊಳೆದು ಆ ಡಬ್ಬಿಯಲ್ಲಿ ಪಿನ್ನು ಹಾಕಿಟ್ಟಿದ್ದೇನೆ.

ತಂಗಿ ಹಬ್ಬಕ್ಕೆ ತವರಿಗೆ ಬಂದಳು. ಗಂಡ ಒಳ್ಳೆಯವನು, ಚೆನ್ನಾಗಿ ನೋಡಿಕೊಳ್ಳುತ್ತಾನೆ. ರಾತ್ರಿ ಪ್ರಯಾಣದ ದಣಿವಿನಲ್ಲಿ ಅವಳ ಮುಖ ಬರಿದಾಗಿತ್ತು, ನನ್ನ ತಂಗಿಯದೇ ಮುಖ. ನನಗೆ ಆಸೆ ತಡೆಯಲಿಲ್ಲ. ಬೆಳಿಗ್ಗೆ ಎದ್ದವಳನ್ನು, "ಒಂದ ಸಲ ನನ್ನ ಮನಸಿಗೆ ಬಂದ್ಹಂಗ ಮೇಕಪ್ ಮಾಡ್ಲೇನು? ಯಾರಿಗೂ ತೋರಸೂದುಲ್ಲ, ಎಲ್ಲೂ ಹಾಕೂದುಲ್ಲ" ಎಂದು ಕೇಳಿದೆ.

"ಬ್ಯಾಡ ಬಿಡಕ್ಕಾ" ಎಂದಳು. ಆಮೇಲೆ, "ಆ ಬಾಟಲಿ ಒಂದು ನನಗ ಕೊಡ್ತೀಯೇನು? ಮದುವ್ಯಾಗ ಹಚ್ಚಿದ್ದಿ ಅಲ್ಲ, ಅದು" ಎಂದಳು.

"ಯಾಕ?"

"ಪಡಸಾಲಿ ಗ್ವಾಡಿ ನಾಗೊಂದಿಗೆ ಮ್ಯಾಲೆ ಮದುವಿ ಫೋಟೋ ಇಟ್ಟಾರ. ಮನಿಗೆ ಬಂದವರು ಅದನ್ನ ನೋಡತಾರ, ಆಮ್ಯಾಲೆ ನನ್ನ ನೋಡತಾರ. ಏನೂ ಅನ್ನೂದುಲ್ಲ ಅಕ್ಕಾ, ಬರೀ ನೋಡತಾರ." ಸೆರಗಿನ ಅಂಚು ತಿರುವುತ್ತ, "ದಿನಾ ಹಚ್ಕೋಳಾಕ ಆಗತೈತೇನು? ಮೈಗೆ ಏನೂ ಆಗೂದುಲ್ಲಲ್ಲ?" ಎಂದು ಕೇಳಿದಳು.

ಒಂದೇ ದಿನ ಎಂದಿದ್ದೆಯಲ್ಲ ಎಂದು ಕೇಳಬೇಕೆನ್ನಿಸಿತು. ಯಾವ ಬಾಯಿಂದ ಕೇಳಲಿ? ಆ ಫೋಟೋದಲ್ಲಿರುವ ಮುಖ ಮಾಡಿದವಳು ನಾನು. ಬಾಟಲಿ ಕೊಟ್ಟೆ. ಕೂರಿಸಿಕೊಂಡು ಕಲಿಸಿದೆ: ಮೊದಲು ಮುಖ ತೊಳೆದು ಕ್ರೀಮು ಹಚ್ಚಬೇಕು, ಎಡಗೈಯ ಹಿಂಬದಿಗೆ ಒಂದಿಷ್ಟೇ ಹಾಕಿಕೊಳ್ಳಬೇಕು, ಮೂಗಿನ ಪಕ್ಕ ಗಟ್ಟಿಯಾಗದ ಹಾಗೆ ಸ್ಪಂಜಿನಿಂದ ತಟ್ಟಬೇಕು, ರಾತ್ರಿ ತೆಗೆಯದೆ ಮಲಗಬಾರದು. ಬೇಗ ಕಲಿತಳು. ನನಗಿಂತ ಹಗುರವಾದ ಕೈ.

ಮರುದಿನ ಮುಂಡಗೋಡದ ಬಸ್ಸಿಗೆ ತಾನೇ ಹಚ್ಚಿಕೊಂಡು ಹೊರಟಳು. ಅವ್ವ ಬುತ್ತಿ ಕಟ್ಟಿ ಕೊಟ್ಟಳು, ನಾನು ಅಂಗಳದಲ್ಲಿ ನಿಂತಿದ್ದೆ. ಬೇಲಿಯ ತನಕ ಹೋಗಿದ್ದವಳನ್ನು ನೋಡಿದರೆ, ಮುಖಕ್ಕೆ ಹಚ್ಚಿ ಕುತ್ತಿಗೆಗೆ ಹಚ್ಚುವುದನ್ನು ಮರೆತಿದ್ದಾಳೆ. ಗದ್ದದ ಕೆಳಗೆ ಅವಳ ಬಣ್ಣ ಹಾಗೇ ಇದೆ, ಅವ್ವನ ಬಣ್ಣ, ನನ್ನ ಬಣ್ಣ. ಬಸ್ಸಿನಲ್ಲಿ ಜನ ನಗುತ್ತಾರೆ ಎನ್ನಿಸಿತು.

"ಬಾ ಇಲ್ಲೆ" ಎಂದು ಕರೆದೆ. ಅವಳು ಬಂದು ಗದ್ದ ಎತ್ತಿ ನಿಂತಳು. ಉಳಿದದ್ದಕ್ಕೂ ನಾನೇ ಹಚ್ಚಿ ಕಳಿಸಿದೆ.